ಬೇಲಿ ಕಂಬ ಬುಡದಲ್ಲೇ ಯಾಕೆ ಕುಂಬಾಗುತ್ತದೆ?

ಪ್ರಶ್ನೆ: ಕಾರವಾರದ ಹತ್ತಿರ, ಕಡಲಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಂಗಳಕ್ಕೆ ಮರದ ಬೇಲಿ ಹಾಕಿಸುವ ಆಸೆ. ನಮ್ಮ ಕಡೆ ಮಳೆಗೆ ಅದು ಮೂರು ವರ್ಷವೂ ತಾಳುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಾರೆ. ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕಿದರೆ ಬಾಳಿಕೆ ಬರುತ್ತದಾ?

ಉತ್ತರ: ಸರಿಯಾಗಿ ಹಾಕಿದರೆ ಸ್ವಲ್ಪ ಜಾಸ್ತಿ ಬರುತ್ತದೆ. ಸಾಮಾನ್ಯವಾಗಿ ಹಾಕುವ ಹಾಗೆ ಹಾಕಿದರೆ ಇನ್ನೂ ಬೇಗ ಹೋಗುತ್ತದೆ. ಇದನ್ನು ನಾನು ದುಡ್ಡು ಕೊಟ್ಟೇ ಕಲಿತಿದ್ದು.

ಕುಮಟೆಯ ನಮ್ಮ ಮನೆಗೆ ಬೇಲಿ ಹಾಕಿಸಿದಾಗ ಅಕೇಶಿಯಾ ಕಂಬ ತಂದೆ. ಗುಂಡಿ ತೆಗೆಸಿ, ಕಂಬ ನಿಲ್ಲಿಸಿ, ಸುತ್ತ ಕಾಂಕ್ರೀಟ್ ಸುರಿಸಿ, ನೆಲದ ಮಟ್ಟಕ್ಕೆ ಸಪಾಟಾಗಿ ನುಣ್ಣಗೆ ಮಾಡಿಸಿದ್ದೆ. ಮೂರನೇ ಮಳೆಗಾಲದಲ್ಲಿ ಪಕ್ಕದ ಮನೆಯ ಕರು ಬಂದು ಮೈ ತಿಕ್ಕಿತು, ಅಷ್ಟೇ. ಕಂಬ ಲಟಕ್ಕನೆ ಮುರಿಯಿತು. ಮುರಿದ ಜಾಗ ಮುಟ್ಟಿದರೆ ಮರ ನೆನೆದ ಅವಲಕ್ಕಿಯ ಹಾಗೆ ಬೆರಳಿಗೆ ಅಂಟಿ ಬಂತು. ಒಂದು ಗೇಣು ಮೇಲೆ ನೋಡಿದರೆ ಮರ ಗಟ್ಟಿಯಾಗೇ ಇತ್ತು. ಕಾಂಕ್ರೀಟ್ ಒಡೆದು ತಳದ ತುಂಡು ಕಿತ್ತರೆ ಅದೂ ಅಷ್ಟೇನು ಕೆಟ್ಟಿರಲಿಲ್ಲ. ಹೋಗಿದ್ದು ನಡುವಿನ ಗೇಣು ಮಾತ್ರ.

"ಲೋಟ ಮಾಡಿ ಅದರಲ್ಲಿ ಕಂಬ ನೆನೆಹಾಕಿದ್ದೀರಲ್ಲ ಭಟ್ರೆ" ಎಂದು ಆಚಾರಿ ನಕ್ಕರು.

ಅವರು ಹೇಳಿದ್ದು ಸರಿ. ಮರವನ್ನು ಕುಂಬು ಮಾಡುವುದು ಅಣಬೆಯ ಜಾತಿಯ ಶಿಲೀಂಧ್ರ. ಅದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ನೆಲದ ಮೇಲೆ ಗಾಳಿ ಇದೆ, ಆದರೆ ಬಿಸಿಲು ಬಿದ್ದಾಗ ಮರ ಒಣಗುತ್ತದೆ. ಆಳದಲ್ಲಿ ನೀರಿದೆ, ಗಾಳಿ ಕಡಿಮೆ. ನೆಲದ ಮಟ್ಟದಲ್ಲಿ ಎರಡೂ ಸಿಗುತ್ತವೆ. ಹಸಿ ಕಾಂಕ್ರೀಟ್ ಸುರಿದಾಗ ಮರ ನೀರು ಕುಡಿದು ಉಬ್ಬಿರುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಸುತ್ತ ಸಂದು ಬೀಳುತ್ತದೆ. ಕಂಬದ ಮೇಲಿಂದ ಇಳಿದ ಮಳೆನೀರೆಲ್ಲ ಆ ಸಂದಿಗೇ ಹೋಗುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಸಂದಿಯ ನೀರು ಆರುವ ಮಾತೇ ಇಲ್ಲ.

ಹಾಗಾಗಿ ನನ್ನ ಸಲಹೆ: ಮರವನ್ನು ಮಣ್ಣಿಗೆ ಮುಟ್ಟಿಸಲೇಬೇಡಿ. ಕಲ್ಲಿನದೋ ಸಿಮೆಂಟಿನದೋ ಕಂಬ ಹುಗಿದು, ನೆಲದಿಂದ ಮೂರು ಬೆರಳು ಬಿಟ್ಟು ಮೇಲಿನ ಭಾಗಕ್ಕೆ ಮರದ ಅಡ್ಡಪಟ್ಟಿ ಬೋಲ್ಟ್ ಮಾಡಿಸಿ. ಹಲಗೆ ಹೊರಗಡೆಯಿಂದ ಹೊಡೆದರೆ ರಸ್ತೆಯಿಂದ ನೋಡುವವರಿಗೆ ಮರವೇ ಕಾಣುವುದು. ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಕಡಲ ಗಾಳಿಯ ಉಪ್ಪಿಗೆ ಸಾದಾ ಬೋಲ್ಟ್, ಮೊಳೆ ಬೇಗ ತುಕ್ಕು ಹಿಡಿಯುತ್ತವೆ. ಇಲ್ಲಿ ದುಡ್ಡು ಉಳಿಸಬೇಡಿ, ಸ್ಟೇನ್‌ಲೆಸ್ ತನ್ನಿ.

ಇಲ್ಲ, ಮರದ ಕಂಬವೇ ಆಗಬೇಕು ಅಂತೀರಾ? ಹಾಗಾದರೆ ಗುಂಡಿಯ ತಳಕ್ಕೆ ಅರ್ಧ ಅಡಿ ಜಲ್ಲಿ ಹಾಕಿ, ಅದರ ಮೇಲೆ ಕಂಬ ನಿಲ್ಲಿಸಿ. ಕಂಬದ ಅಡಿಗೆ ಕಾಂಕ್ರೀಟ್ ಹೋಗಬಾರದು, ನೀರು ಕೆಳಗೆ ಇಂಗಲು ದಾರಿ ಇರಬೇಕು. ಸುತ್ತಲಿನ ಕಾಂಕ್ರೀಟ್ ನೆಲಕ್ಕಿಂತ ಎರಡು ಇಂಚು ಮೇಲೆ ಬಂದು, ಎಲ್ಲ ಕಡೆಗೂ ಹೊರಗೆ ಇಳಿಜಾರಾಗಿರಲಿ. ಒಟ್ಟು ಕಂಬದ ಮೂರನೇ ಒಂದು ಭಾಗ ನೆಲದೊಳಗೆ ಇದ್ದರೆ ಒಳ್ಳೆಯದು. ಚಿರೆಕಲ್ಲಿನ ಗಟ್ಟಿ ನೆಲವಾದರೆ ಕಾಂಕ್ರೀಟೇ ಬೇಡ, ಜಲ್ಲಿ ಹಾಕಿ ಹಾರೆಯ ಹಿಂಬದಿಯಿಂದ ಚೆನ್ನಾಗಿ ಜಡಿದರೆ ಸಾಕು. ಹೊಯ್ಗೆ (ಮರಳು) ನೆಲವಾದರೆ ಕಾಂಕ್ರೀಟ್ ಬೇಕೇ ಬೇಕು.

ಮರ ಯಾವುದು ಎಂದು ಕೇಳುವ ಮೊದಲು ಅದರಲ್ಲಿ ಚೇಗು ಎಷ್ಟಿದೆ ನೋಡಿ. ಕಂಬದ ಕೊಯ್ದ ತುದಿಯಲ್ಲಿ ನಡುವೆ ಕಪ್ಪಗಿನ ಭಾಗ, ಸುತ್ತ ಬಿಳಿ ಬಳೆ ಕಾಣುತ್ತದೆ. ಆ ಕಪ್ಪಗಿನದೇ ಚೇಗು, ಬಾಳುವುದು ಅದು. ಬಿಳಿಯನ್ನು ವರಲೆ (ಗೆದ್ದಲು) ಮೊದಲು ತಿನ್ನುತ್ತದೆ. ಸಾಗವಾನಿಯ ಬಿಳಿಯನ್ನೂ ತಿನ್ನುತ್ತದೆ, ಹೆಸರು ನೋಡಿ ಬಿಡುವುದಿಲ್ಲ. ನನ್ನ ಅಕೇಶಿಯಾ ಎಳೆ ಮರ, ಅರ್ಧಕ್ಕರ್ಧ ಬಿಳಿಯೇ ಇತ್ತು. ಕಡಲ ಬದಿಯಲ್ಲಿ ಎಲ್ಲೆಲ್ಲೂ ಸಿಗುವ ಗಾಳಿಮರ ಅಗ್ಗ, ನೆಟ್ಟಗೂ ಇರುತ್ತದೆ, ಆದರೆ ಮಣ್ಣೊಳಗೆ ಬಾಳುವುದಿಲ್ಲ. ಜಂಬೆ, ಮತ್ತಿಯ ಚೇಗು ಗಟ್ಟಿ. ಆದರೆ ಸ್ವಂತ ಜಾಗದ ಮರ ಕಡಿಯುವುದಕ್ಕೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಕೆಲವು ಜಾತಿಗೆ ಮಾತ್ರ ವಿನಾಯಿತಿ. ಕೊಡಲಿ ಎತ್ತುವ ಮೊದಲು ಕೇಳಿಕೊಳ್ಳಿ.

ಬಣ್ಣ, ಔಷಧದ ವಿಷಯ. ಬ್ರಶ್ಶಿನಲ್ಲಿ ಹಚ್ಚಿದ್ದು ಯಾವುದೇ ಇರಲಿ, ಮರದೊಳಗೆ ಜಾಸ್ತಿ ಇಳಿಯುವುದಿಲ್ಲ. ಕೊಯ್ದ ತುದಿಗಳಿಗೆ ಮಾತ್ರ ಮರೆಯದೆ ಹಚ್ಚಿ, ಮರ ನೀರು ಕುಡಿಯುವುದು ಅಲ್ಲಿಂದಲೇ. ನಮ್ಮ ಕರಾವಳಿಯಲ್ಲಿ ದೋಣಿಗೆ ಹಚ್ಚುವ ಗೇರು ಎಣ್ಣೆ ನನಗೆ ಇಷ್ಟ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು, ಮಂದ ಎಣ್ಣೆ ಅದು. ವರಲೆಯೂ ದೂರ ಇರುತ್ತದೆ. ಆದರೆ ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಕೈಗವಸು ಹಾಕಿದ್ದೆ ಎಂಬ ಧೈರ್ಯದಲ್ಲಿ ಮೊಣಕೈಯಿಂದ ಬೆವರು ಒರೆಸಿಕೊಂಡು, ಒಂದು ವಾರ ಹಣೆ ಊದಿಸಿಕೊಂಡು ಓಡಾಡಿದವನು ನಾನು.

ಇನ್ನೊಂದು. ಹಲಗೆಗಳನ್ನು ಒತ್ತೊತ್ತಾಗಿ ಹೊಡೆಸಬೇಡಿ. ಜೂನ್‌ನ ಗಾಳಿಗೆ ಒತ್ತಾದ ಬೇಲಿ ದೋಣಿಯ ಹಾಯಿ ಆಗಿಬಿಡುತ್ತದೆ, ಅಷ್ಟೂ ಭಾರ ಅದೇ ಬುಡದ ಗೇಣಿನ ಮೇಲೆ ಬೀಳುತ್ತದೆ. ನಡುವೆ ಒಂದು ಬೆರಳು ಸಂದು ಬಿಟ್ಟರೆ ಗಾಳಿಯೂ ದಾಟುತ್ತದೆ, ಹಲಗೆಯೂ ಬೇಗ ಆರುತ್ತದೆ. ಕೆಳಗೆ ನೆಲದಿಂದ ಎರಡು ಇಂಚು ಬಿಡಿ. ಕೋಳಿಮರಿ ನುಸುಳುತ್ತದೆ ಎಂದು ಮನೆಯಲ್ಲಿ ಗೊಣಗಿದರೆ ಅಲ್ಲಿಗೆ ಒಂದು ಸಾಲು ಚಿರೆಕಲ್ಲು ಇಡಿ, ಮಣ್ಣು ಏರಿಸಬೇಡಿ.

ಕೆಲಸ ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಆಗ ನೆಲದಲ್ಲಿ ಇನ್ನೂ ಸ್ವಲ್ಪ ಪಸೆ ಇರುತ್ತದೆ, ಗುಂಡಿ ಸುಲಭವಾಗಿ ಇಳಿಯುತ್ತದೆ. ಏಪ್ರಿಲ್‌ಗೆ ಬಿಟ್ಟರೆ ಚಿರೆಕಲ್ಲಿನ ನೆಲದಲ್ಲಿ ಪಿಕಾಸಿಯಿಂದ ಕಿಡಿ ಹಾರುತ್ತದೆ, ಆಳಿನ ಸಂಬಳವೂ ಡಬಲ್.