ಬಾಟಲಿ ನೀರು ಸಾಲದು, ಹೂಳನ್ನೂ ತನ್ನಿ

ಕೆರೆ ಹಸಿರಾಯಿತು ಅಂದ ಕೂಡಲೇ ಜನ ಒಂದು ಬಾಟಲಿ ನೀರು ತುಂಬಿಕೊಂಡು ಪರೀಕ್ಷೆಗೆ ಬರುತ್ತಾರೆ. ನಾನು ಮೊದಲು ಕೇಳುವುದು, ಎಷ್ಟು ಗಂಟೆಗೆ ತುಂಬಿದಿರಿ ಅಂತ. ಬೆಂಗಳೂರಿನ ಬಹುಪಾಲು ಕೆರೆಗಳಿಗೆ ಆಳ ಕಡಿಮೆ. ಪಾಚಿ ತುಂಬಿದ ಇಂಥ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ಬೇಕಾದಷ್ಟು ಇರುತ್ತದೆ, ನೀರಿನ ಕ್ಷಾರ ಎಷ್ಟು ಅಂತ ಹೇಳುವ ಪಿಎಚ್ 9 ದಾಟುವುದೂ ಉಂಟು. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವ ಅದೇ ಆಮ್ಲಜನಕ ಸೊನ್ನೆಯ ಹತ್ತಿರ ಇಳಿದು ಮೀನು ಸತ್ತು ತೇಲುತ್ತವೆ. ಮಧ್ಯಾಹ್ನದ ಬಾಟಲಿಯನ್ನೇ ನಂಬಿದರೆ ಕೆರೆಗೆ ಏನೂ ಆಗಿಲ್ಲ!

ಪಾಚಿಗೆ ಬೇಕಾದದ್ದು ರಂಜಕ ಮತ್ತು ಸಾರಜನಕ. ನಮ್ಮ ಮಲಮೂತ್ರದಲ್ಲಿ ಎರಡೂ ಇವೆ. ಬಟ್ಟೆ ಒಗೆಯುವ ಪುಡಿಯಿಂದಲೂ ರಂಜಕ ಸೇರಬಹುದು. (ಬೆಳ್ಳಂದೂರು, ವರ್ತೂರಿನ ನೊರೆಯಲ್ಲಿ ಆ ಪುಡಿಯ ಪಾಲೂ ಇತ್ತು.) ರಾಜಕಾಲುವೆಯಲ್ಲಿ ಬಂದ ರಂಜಕದ ದೊಡ್ಡ ಪಾಲು ತಳದ ಹೂಳಿಗೆ ಇಳಿಯುತ್ತದೆ. ಅಲ್ಲಿ ಅದರಲ್ಲಿ ಬಹಳಷ್ಟು ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಆಮ್ಲಜನಕ ಇರುವ ತನಕ ಹಿಡಿತ ಗಟ್ಟಿ. ಅದು ಮುಗಿದರೆ ಕಬ್ಬಿಣ ನೀರಿನಲ್ಲಿ ಕರಗುವ ರೂಪಕ್ಕೆ ತಿರುಗುತ್ತದೆ, ರಂಜಕ ಕೈತಪ್ಪಿ ಹೋಗುತ್ತದೆ. ಸಾಲದ್ದಕ್ಕೆ ಮಧ್ಯಾಹ್ನ ಏರಿದ ಪಿಎಚ್ ಕೂಡ ಅದನ್ನು ಸಡಿಲ ಮಾಡುತ್ತದೆ. ಆಳದ ಸರೋವರದಲ್ಲಿ ಹೀಗೆ ಬಿಟ್ಟ ರಂಜಕ ತಿಂಗಳುಗಟ್ಟಲೆ ತಳದಲ್ಲೇ ಉಳಿಯಬಹುದು. ನಮ್ಮ ಕೆರೆಯಲ್ಲಿ ಒಂದು ಜೋರು ಗಾಳಿ ಸಾಕು, ಮೇಲೆ ಬಂದು ಮತ್ತೆ ಪಾಚಿಗೆ ಸಿಗುತ್ತದೆ.

ಸ್ವೀಡನ್ನಿನ ಟ್ರುಮ್ಮೆನ್ ಸರೋವರದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. 1950ರ ದಶಕದ ಕೊನೆಗೆ ಅಲ್ಲಿ ಕೊಳಚೆ ಬರುವುದನ್ನು ನಿಲ್ಲಿಸಿದರು. ವರ್ಷಗಳು ಕಳೆದರೂ ನೀರು ತಿಳಿಯಾಗಲಿಲ್ಲ. 1970 ಮತ್ತು 1971ರಲ್ಲಿ ಮೇಲಿನ ಹೂಳನ್ನು ಹೀರಿ ತೆಗೆದ ಮೇಲೆ ರಂಜಕ ಇಳಿಯಿತು. ಹಾಗಂತ ಕೊಳಚೆ ಬರುತ್ತಿರುವಾಗಲೇ ಹೂಳೆತ್ತಿದರೆ ಸುಮ್ನೆ ದುಡ್ಡು ದಂಡ, ಅಲ್ವಾ?

ಈ ರಂಜಕ, ಸಾರಜನಕ ಮನುಷ್ಯರಿಂದಲೇ ಬಂದದ್ದು ಅಂತ ಹೇಳುವುದು ಹೇಗೆ? ಹೂಳಿಗೆ ಕೊಳವೆ ಇಳಿಸಿ, ಪದರ ಕೆಡದಂತೆ ಎತ್ತಿ, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತೇವೆ. ಹೂಳಿನಲ್ಲಿರುವ ಸೀಸ-210 ಎಂಬ ವಿಕಿರಣಶೀಲ ಸೀಸ ಸುಮಾರು 22 ವರ್ಷಕ್ಕೆ ಅರ್ಧವಾಗುತ್ತದೆ. ಅದು ಎಷ್ಟು ಉಳಿದಿದೆ ಅಂತ ನೋಡಿದರೆ ಕಳೆದ ನೂರು ವರ್ಷದ ಪದರಗಳ ವಯಸ್ಸು ಸಿಗುತ್ತದೆ. ಕೊಳಚೆಯ ಸಾರಜನಕದಲ್ಲಿ ಸಾರಜನಕ-15 ಎಂಬ ತುಸು ಭಾರದ ಸಾರಜನಕದ ಪಾಲು ರಸಗೊಬ್ಬರದ್ದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಆದರೆ ಸಗಣಿಯದ್ದೂ ಹಾಗೇ, ಅದಕ್ಕೇ ಇದೊಂದನ್ನೇ ನಾನು ನಂಬುವುದಿಲ್ಲ. ಮನುಷ್ಯರ ಮಲದಲ್ಲಿ ಹೆಚ್ಚಾಗಿರುವ ಕೊಪ್ರೊಸ್ಟನಾಲ್ ಎಂಬ ಕೊಬ್ಬಿನ ಅಂಶವನ್ನೂ ಹುಡುಕುತ್ತೇನೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಬೇಸಿಗೆಯಲ್ಲಿ ಕೆರೆ ಗೋಡನ್ನು ಹೊಲಕ್ಕೆ ಹೊಡೆಯುವುದು ರೈತರ ಹಳೆಯ ರೂಢಿ. ತೆಗೆದ ಕಡೆ ಪದರವೇ ಇರುವುದಿಲ್ಲ, ಇದ್ದರೂ ಕಲಸಿರುತ್ತದೆ. ಆದ್ದರಿಂದ ಕೊಳವೆ ಇಳಿಸುವ ಮೊದಲು ಊರಿನ ಹಿರಿಯರನ್ನು ಏರಿ ಮೇಲೆ ಕರೆದುಕೊಂಡು ಹೋಗಿ, ಯಾವ ಮೂಲೆ ಮುಟ್ಟಿಲ್ಲ ಅಂತ ಕೇಳಿಕೊಳ್ಳುತ್ತೇನೆ.