ಪದ ಪರಿಚಯ: ನೀರೋಟ

ನೀರು, ಓಟ ಎರಡೂ ಸೇರಿ ನೀರೋಟ. ಊರೂರು, ಮಾತೆಲ್ಲ ಇದ್ದ ಹಾಗೆ ಇಲ್ಲೂ ಲೋಪಸಂಧಿ. ಈಜುಕೊಳದ ಕಡೆ ಇದನ್ನೇ ಅಕ್ವಾ ಜಾಗಿಂಗ್, ಡೀಪ್ ವಾಟರ್ ರನ್ನಿಂಗ್ ಎನ್ನುತ್ತಾರೆ. ಕಳೆದ ವರ್ಷ ನನ್ನ ಅಕ್ಕನ ಮಗನಿಗೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿತ್ತು. ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆಂದು ಡಾಂಬರು ರಸ್ತೆಯಲ್ಲಿ ವಿಪರೀತ ಓಡಿದ್ದರ ಫಲ. ಫಿಸಿಯೋಥೆರಪಿಸ್ಟ್ ನೀರಿನಲ್ಲಿ ಓಡು ಎಂದಾಗ ಅವನು ನನ್ನನ್ನು ಕೇಳಿದ: "ಮಾವ, ಅದೂ ಒಂದು ಓಟವಾ?" ಈ ಬರಹ ಅವನಿಗೆ ಅಂದು ಪೂರ್ತಿ ಕೊಡಲಾಗದ ಉತ್ತರ.

ಕೊಡಗಿನವರಿಗೆ ಇದರ ಅರ್ಧ ಅನುಭವ ಮೊದಲಿನಿಂದಲೂ ಇದೆ. ನಾಟಿ ಮುಗಿದ ಮೇಲೆ ದೊಡ್ಡ ಗದ್ದೆಯಲ್ಲಿ ನಡೆಯುವ ನಾಟಿ ಓಟವನ್ನು ನೆನೆಸಿಕೊಳ್ಳಿ. ಗೆದ್ದವರಿಗೆ ಬಾಳೆಗೊನೆ, ತೆಂಗಿನಕಾಯಿ ಕೊಡುತ್ತಿದ್ದ ಆ ಓಟದಲ್ಲಿ, ರಸ್ತೆಯ ಮೇಲೆ ಸಲೀಸಾಗಿ ಓಡುವ ಹುಡುಗನೂ ನಡುಗದ್ದೆ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ಕಾಲು ಕೀಳುವುದೇ ಅಲ್ಲಿ ಕೆಲಸ. ನೀರೋಟದಲ್ಲೂ ಈ ಎಳೆತ ಇದೆ. ಜೊತೆಗೆ ಗದ್ದೆಯಲ್ಲಿ ಸಿಗದ ಇನ್ನೊಂದಿದೆ: ನೀರು ನಮ್ಮನ್ನು ಎತ್ತಿ ಹಿಡಿಯುತ್ತದೆ.

ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧವಾಗುತ್ತದೆ. ಎದೆಯ ಕೆಳತುದಿಯವರೆಗೆ ಇಳಿದರೆ ಸುಮಾರು ಮೂರನೇ ಒಂದು ಭಾಗ. ಕತ್ತಿನವರೆಗೆ ಇಳಿದರೆ ಉಳಿಯುವುದು ಹತ್ತನೇ ಒಂದು ಭಾಗದಷ್ಟು. 70 ಕಿಲೋ ತೂಗುವವರ ಕಾಲು ಆಗ 7 ಕಿಲೋ ಹೊರುತ್ತದೆ. ಅದೇ ವ್ಯಕ್ತಿ ರಸ್ತೆಯಲ್ಲಿ ಓಡಿದರೆ ಒಂದೊಂದು ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು, ಅಂದರೆ 140ರಿಂದ 210 ಕಿಲೋಗೆ ಸಮನಾದ ಬಲ ಕಾಲಿಗೆ ಬಡಿಯುತ್ತದೆ. ಬಿರುಕು ಬಿಟ್ಟ ಮೂಳೆಗೆ ಈ ವ್ಯತ್ಯಾಸವೇ ಎಲ್ಲ. ಆಳದ ನೀರಿನಲ್ಲಿ ಸೊಂಟಕ್ಕೆ ತೇಲುಪಟ್ಟಿ ಕಟ್ಟಿಕೊಂಡು ಓಡಿದರೆ ಪಾದ ನೆಲವನ್ನೇ ಮುಟ್ಟುವುದಿಲ್ಲ. ಬಡಿತ ಸೊನ್ನೆ.

ಭಾರ ಹೋಯಿತೆಂದು ಕೆಲಸವೂ ಹೋಯಿತು ಎಂದುಕೊಳ್ಳಬಾರದು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಕಾಲಿನ ವೇಗ ಎರಡು ಪಟ್ಟಾದರೆ ನೀರಿನ ತಡೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ನೀರಿನಲ್ಲಿ ಹೆಜ್ಜೆಗಳು ನಿಧಾನ, ಆದರೆ ಒಂದೊಂದೂ ಬಲವಾದದ್ದು. ಕಾಲನ್ನು ಹಿಂದಕ್ಕೆ ತಳ್ಳುವಾಗಲೂ ಮುಂದಕ್ಕೆ ತರುವಾಗಲೂ ಸ್ನಾಯು ದುಡಿಯಬೇಕು.

ದುಡಿಯುವ ಬಗೆ ಮಾತ್ರ ಬೇರೆ. ಮಡಿಕೇರಿಯ ಇಳಿಜಾರಿನಲ್ಲಿ ಓಡಿದವರಿಗೆ ಮಾರನೆಯ ದಿನ ಮೆಟ್ಟಿಲಿಳಿಯುವಾಗ ತೊಡೆ ಹಿಡಿದುಕೊಂಡ ನೆನಪಿರಬೇಕು. ಇಳಿಯುವಾಗ ತೊಡೆಯ ಸ್ನಾಯು ಬ್ರೇಕಿನಂತೆ ಕೆಲಸ ಮಾಡುತ್ತದೆ. ಭಾರ ಹೊತ್ತುಕೊಂಡೇ ಉದ್ದವಾಗುತ್ತದೆ. ನೋವು ಹೆಚ್ಚಾಗಿ ಅಲ್ಲಿಂದಲೇ ಬರುವುದು. ನೀರಿನಲ್ಲಿ ಹೀಗೆ ತಡೆಹಿಡಿಯುವ ಕೆಲಸ ತೀರಾ ಕಡಿಮೆ, ಹಾಗಾಗಿ ಮೈಕೈ ನೋವೂ ಕಡಿಮೆ. ಆದರೆ ವಾರಗಟ್ಟಲೆ ಕೊಳದಲ್ಲೇ ಓಡಿದವರು ನೇರವಾಗಿ ಘಟ್ಟದ ರಸ್ತೆಗೆ ಹೋಗಬಾರದು. ಉಸಿರು ತಯಾರಿರುತ್ತದೆ, ಕಾಲು ತಯಾರಿರುವುದಿಲ್ಲ.

ನನಗೆ ತುಂಬ ಬೆರಗೆನಿಸಿದ್ದು ಹೃದಯದ ಕತೆ. ಒಂದು ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 74 ಮಿಲಿಮೀಟರ್ ಪಾದರಸದಷ್ಟು. ಕಾಲಿನ ರಕ್ತನಾಳಗಳನ್ನು ಅದು ಹೊರಗಿನಿಂದ ಅದುಮುತ್ತದೆ. ಕಾಲಿನಲ್ಲಿ, ಹೊಟ್ಟೆಯಲ್ಲಿ ನಿಂತಿದ್ದ ರಕ್ತ ಎದೆಯ ಕಡೆ ಸರಿಯುತ್ತದೆ. ಕತ್ತಿನವರೆಗೆ ಮುಳುಗಿದರೆ ಇದು ಸುಮಾರು 700 ಮಿಲಿಲೀಟರ್. ಹೃದಯ ಹೆಚ್ಚು ತುಂಬಿಕೊಂಡು, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ಅದಕ್ಕೇ ಆಳದ ನೀರಿನಲ್ಲಿ ಜೋರಾಗಿ ಓಡುವಾಗ ಬಡಿತ ನೆಲಕ್ಕಿಂತ ನಿಮಿಷಕ್ಕೆ ಸುಮಾರು 10ರಿಂದ 15ರಷ್ಟು ಕಡಿಮೆ ಇರುವುದು ಸಾಮಾನ್ಯ. ಅಳಿಯ ಕೈಗಡಿಯಾರ ನೋಡಿ, ತಾನು ಸೋಮಾರಿತನ ಮಾಡುತ್ತಿದ್ದೇನೆಂದು ಬೇಸರಪಟ್ಟುಕೊಂಡಿದ್ದ. ಸೋಮಾರಿತನವಲ್ಲ ಅದು. ನೀರಿನಲ್ಲಿ ಗಡಿಯಾರಕ್ಕಿಂತ ಉಸಿರನ್ನು ನಂಬಬೇಕು: ಪೂರ್ತಿ ವಾಕ್ಯ ಆಡಲಾಗದೆ ಎರಡು ಮೂರು ಪದಕ್ಕೇ ನಿಲ್ಲುವಷ್ಟು ಏದುಸಿರು ಬಂದರೆ ಶ್ರಮ ಸಾಕಷ್ಟಾಗಿದೆ ಎಂದರ್ಥ.

ಅದೇ ಒತ್ತಡ ಪಕ್ಕೆಲುಬನ್ನೂ ಹೊಟ್ಟೆಯನ್ನೂ ಒತ್ತುವುದರಿಂದ ಉಸಿರೆಳೆಯುವುದು ತುಸು ಕಷ್ಟ. ಎದೆಗೆ ಬಂದ ಹೆಚ್ಚುವರಿ ರಕ್ತವನ್ನು ಕಂಡು, ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ದೇಹ ಲೆಕ್ಕ ಹಾಕುತ್ತದೆ, ಮೂತ್ರಪಿಂಡಗಳು ಚುರುಕಾಗುತ್ತವೆ. ಕೊಳಕ್ಕಿಳಿದ ಸ್ವಲ್ಪ ಹೊತ್ತಿಗೇ ಮೂತ್ರಕ್ಕೆ ಅವಸರವಾಗುವುದು ಇದರಿಂದಲೇ. ಬೆವರು ಕಣ್ಣಿಗೆ ಕಾಣದಿದ್ದರೂ ಓಟ ಮುಗಿದ ಮೇಲೆ ನೀರು ಕುಡಿಯಲೇಬೇಕು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯಬೇಡಿ. ಆ 700 ಮಿಲಿಲೀಟರ್ ಬಳಲಿದ ಹೃದಯಕ್ಕೆ ಹೊರೆಯಾಗಬಹುದು.

ನೀರೋಟ ಕೊಡದಿರುವುದೂ ಒಂದಿದೆ. ಮೂಳೆ ಗಟ್ಟಿಯಾಗುವುದು ಭಾರ ಬಿದ್ದಾಗ. ಅದನ್ನು ಕೊಳ ಕೊಡಲಾರದು. ತರಬೇತಿ ಪಡೆದ ಓಟಗಾರರು ನಾಲ್ಕಾರು ವಾರ ಆಳದ ನೀರಿನಲ್ಲಷ್ಟೇ ಓಡಿ ದಮ್ಮನ್ನು ಉಳಿಸಿಕೊಂಡಿರುವುದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ವರ್ಷಗಟ್ಟಲೆ ನೀರನ್ನೇ ನೆಚ್ಚಿದರೆ ಮೂಳೆಗೆ ನಷ್ಟ.

ಒಂದು ಮಾತು ಒತ್ತಿ ಹೇಳಬೇಕು. ಇದನ್ನು ಓದಿ ಯಾರೂ ತೋಟದ ಕೆರೆಗೆ ಇಳಿಯಬೇಡಿ. ಕಾಫಿ ಹೂವಿಗೆ ನೀರು ಹಾಯಿಸಲು ತೋಡಿದ ಕೆರೆಗಳ ದಡ ಕಡಿದಾಗಿರುತ್ತದೆ, ಪಾಚಿ ಕಟ್ಟಿರುತ್ತದೆ; ಇಳಿದವರಿಗೆ ಹತ್ತುವ ದಾರಿ ಇರುವುದಿಲ್ಲ. ಕಾವೇರಿಯಾಗಲಿ ಹಾರಂಗಿಯಾಗಲಿ ಇದಕ್ಕೆ ತಕ್ಕ ಜಾಗವಲ್ಲ. ಕಾವಲು ಇರುವ ಈಜುಕೊಳ, ತೇಲುಪಟ್ಟಿ, ಬದಿಯಲ್ಲಿ ಒಬ್ಬರು ಇಷ್ಟೂ ಬೇಕು. ಬೆನ್ನು ನೆಟ್ಟಗಿರಲಿ, ಮುಂದಕ್ಕೆ ಬಾಗಿದರೆ ಅದು ನಾಯಿ ಈಜಾಗುತ್ತದೆ. ಮೊಣಕಾಲು ಮೇಲೆತ್ತಿ, ಪಾದವನ್ನು ಕೆಳಗೂ ಹಿಂದಕ್ಕೂ ಒತ್ತಬೇಕು.

ಅಳಿಯ ಮೈಸೂರಿನ ಕೊಳವೊಂದರಲ್ಲಿ ಆರು ವಾರ ಹೀಗೆ ಓಡಿದ. ಊರಿಗೆ ಬಂದ ಮೇಲೆ ಹುಲ್ಲಿನ ಮೈದಾನದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಶುರುಮಾಡಿದ. ಮೊದಲ ದಿನ ನಾಲ್ಕು ಸುತ್ತು ಮುಗಿಸಿ ಬಂದು, "ಮಾವ, ದಮ್ಮು ಹಾಗೇ ಇದೆ, ಕಾಲು ಮಾತ್ರ ಭಾರ" ಎಂದ.