ಸಾಲಮಾಂಕಾದ ಕಟ್ಟಡಗಳು: ಒಡಲು ಬೇರೆ, ಅಲಂಕಾರ ಬೇರೆ

ಲಿಯೋನ್ ರಾಜ್ಯದ ದೊರೆ ಒಂಬತ್ತನೆಯ ಅಲ್ಫೋನ್ಸೊ 1218ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯದಿಂದ ಹೆಸರಾದ ಸ್ಪೇನಿನ ಸಾಲಮಾಂಕಾ ನಗರದ ಹಳೆಯ ಭಾಗವು 1988ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ವಾಸ್ತುಶಿಲ್ಪದ ಪಠ್ಯಗಳು ಸಾಮಾನ್ಯವಾಗಿ ಶತಮಾನಕ್ಕೊಂದು ಶೈಲಿಯನ್ನು ಹೊಂದಿಸಿ ಪಟ್ಟಿ ಕೊಡುತ್ತವೆ: ರೊಮಾನೆಸ್ಕ್ (ದಪ್ಪ ಗೋಡೆ, ದುಂಡು ಕಮಾನು), ಗೋಥಿಕ್ (ಮೊನಚು ಕಮಾನು), ಪುನರುಜ್ಜೀವನ (ಪ್ರಾಚೀನ ಗ್ರೀಕ್-ರೋಮನ್ ಮಾದರಿ), ಬರೋಕ್ (ಅಬ್ಬರದ ಅಲಂಕಾರ). ಈ ನಗರಕ್ಕೆ ಆ ಪಟ್ಟಿ ಹೊಂದುವುದಿಲ್ಲ, ಏಕೆಂದರೆ ಇಲ್ಲಿ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಶೈಲಿಗಳು ಬೆರೆತಿವೆ. ಹೆಚ್ಚಿನ ಗೊಂದಲ ಹುಟ್ಟುವುದು ಹೊಸ ಕ್ಯಾಥೆಡ್ರಲ್‌ನಲ್ಲಿ; ಆದ್ದರಿಂದ ಅದನ್ನೇ ಮೊದಲು ಬಿಡಿಸಿಕೊಳ್ಳುವುದು ಒಳಿತು.

ಹೊಸ ಕ್ಯಾಥೆಡ್ರಲ್

ಇದರ ಕೆಲಸ ಆರಂಭವಾದದ್ದು 1513ರಲ್ಲಿ. ಆ ಹೊತ್ತಿಗೆ ಇಟಲಿಯಲ್ಲಿ ಪುನರುಜ್ಜೀವನ ಶೈಲಿ ಬಲಿತಿತ್ತು. ಆದರೂ ಇಲ್ಲಿ ಒಳಹೊಕ್ಕು ತಲೆಯೆತ್ತಿದರೆ ಕಾಣುವುದು ಎತ್ತರದ ಕಂಬಗಳಿಂದ ಕವಲೊಡೆದು ನಕ್ಷತ್ರದಾಕಾರದಲ್ಲಿ ಹೆಣೆದುಕೊಂಡ ಪಕ್ಕೆಲುಬುಗಳ (ಚಾವಣಿಯನ್ನು ಹೊರುವ ಕಲ್ಲಿನ ಪಟ್ಟಿಗಳ) ಚಾವಣಿ, ಅಂದರೆ ಅಪ್ಪಟ ಗೋಥಿಕ್ ರಚನೆ. ದೊಡ್ಡ ಚರ್ಚಿಗೆ ಅದೇ ತಕ್ಕ ರೂಪವೆಂಬ ನಂಬಿಕೆ ಆಗ ಸಾಲಮಾಂಕಾ ಸೇರಿದ್ದ ಕ್ಯಾಸ್ಟೀಲ್ ರಾಜ್ಯದಲ್ಲಿ ಇನ್ನೂ ಗಟ್ಟಿಯಾಗಿತ್ತು. 16ನೇ ಶತಮಾನದ ಕೊನೆಯಲ್ಲಿ, ಉಳಿದ ಭಾಗವನ್ನು ರೋಮನ್ ಮಾದರಿಯಲ್ಲಿ, ಅಂದರೆ ಪುನರುಜ್ಜೀವನ ಶೈಲಿಯಲ್ಲಿ, ಕಟ್ಟಬೇಕೇ ಎಂಬ ಚರ್ಚೆ ನಡೆದ ಮೇಲೂ ಗೋಥಿಕ್ ರೀತಿಯನ್ನೇ ಮುಂದುವರಿಸಲಾಯಿತು. ಕಟ್ಟಡವನ್ನು ಪ್ರತಿಷ್ಠಾಪಿಸಿದ್ದು 1733ರಲ್ಲಿ. 1755ರ ಲಿಸ್ಬನ್ ಭೂಕಂಪದಲ್ಲಿ ಗುಮ್ಮಟ ಜಖಂಗೊಂಡು, ಅದನ್ನು ಮತ್ತೆ ಕಟ್ಟಬೇಕಾಯಿತು.

ಹಾಗಾದರೆ ಇದು ಯಾವ ಶೈಲಿಯ ಕಟ್ಟಡ? ಈ ಒಂದೇ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು. ಮೊದಲನೆಯದು, ಭಾರವನ್ನು ಹೊರುತ್ತಿರುವುದು ಏನು? ಕಂಬ, ಮೊನಚು ಕಮಾನು, ಪಕ್ಕೆಲುಬು, ಹೊರಗಿನ ಆಸರೆ ಕಮಾನು ಇವು ಉತ್ತರವಾದರೆ ಒಡಲು ಗೋಥಿಕ್. ಎರಡನೆಯದು, ಭಾರ ಹೊರದೆ ಮೇಲ್ಮೈಯನ್ನು ತುಂಬಿರುವುದು ಏನು? ದ್ವಾರಗಳ ಸುತ್ತ ಬಳ್ಳಿ, ಪದಕ (ದುಂಡು ಚೌಕಟ್ಟಿನ ಉಬ್ಬುಚಿತ್ರ), ಲಾಂಛನ, ಸಣ್ಣ ಮುಖಗಳು ಒತ್ತೊತ್ತಾಗಿ ಬಂದರೆ ಅಲಂಕಾರ ಪ್ಲಾಟೆರೆಸ್ಕ್, ಅಂದರೆ ಬೆಳ್ಳಿ ಕೆಲಸದಂಥ ಸೂಕ್ಷ್ಮ ಕೆತ್ತನೆಯ ಸ್ಪೇನಿನ ಶೈಲಿ. ಈ ಎರಡನೆಯ ಉತ್ತರವು ಮೊದಲನೆಯದನ್ನು ನಿರ್ಧರಿಸುವುದಿಲ್ಲ. ಪ್ಲಾಟೆರೆಸ್ಕ್ ಎಂಬುದು ಚಾವಣಿಯನ್ನು ನಿಲ್ಲಿಸುವ ಒಂದು ವಿಧಾನವೇ ಅಲ್ಲ. ರಾಮೋಸ್ ದ್ವಾರದಲ್ಲಿರುವ ಗಗನಯಾತ್ರಿಯ ಕೆತ್ತನೆಯನ್ನು ಮಾತ್ರ ಯಾವ ಲೆಕ್ಕಕ್ಕೂ ಸೇರಿಸಬಾರದು, ಏಕೆಂದರೆ ಅದು 1992ರ ಜೀರ್ಣೋದ್ಧಾರದ ಕಾಲದ್ದು.

ವಿಶ್ವವಿದ್ಯಾಲಯದ ಮುಂಭಾಗ

ಕೇವಲ ಅಲಂಕಾರವೆಂದರೆ ಏನೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. 16ನೇ ಶತಮಾನದ ಮೊದಲರ್ಧದ ಈ ಗೋಡೆಯು ಕಟ್ಟಡದ ಮುಂದೆ ಇಳಿಬಿಟ್ಟ ಕಸೂತಿಯ ಪರದೆಯಂತಿದೆ. ಕೆಳಗಿನ ಪದಕದಲ್ಲಿ ರಾಣಿ ಇಸಬೆಲ್ಲಾ ಮತ್ತು ಅವಳ ಗಂಡ ದೊರೆ ಫರ್ಡಿನೆಂಡ್, ಅವರ ಸುತ್ತ ಗ್ರೀಕ್ ಬರಹ, ನಡುವೆ ಅವರ ಮೊಮ್ಮಗ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಲಾಂಛನಗಳು, ಮೇಲೆ ಪೋಪ್. ನೆಲದಲ್ಲಿ ನಿಂತವರಿಗೆ ಕಾಣಲೆಂದು ಮೇಲೇರಿದಂತೆ ಉಬ್ಬುಶಿಲ್ಪದ ಉಬ್ಬು ಹೆಚ್ಚುತ್ತದೆ. ಪ್ರವಾಸಿಗರು ಬಲಗಡೆಯ ಕಂಬದಲ್ಲಿ ತಲೆಬುರುಡೆಯ ಮೇಲೆ ಕುಳಿತ ಕಪ್ಪೆಯನ್ನು ಹುಡುಕುವುದರಲ್ಲೇ ಕಾಲ ಕಳೆಯುತ್ತಾರೆ. ಕಲಿಯುವವರಿಗೆ ಈ ಉಬ್ಬಿನ ಲೆಕ್ಕಾಚಾರವೇ ಹೆಚ್ಚು ಉಪಯುಕ್ತ. ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ವಿಯ್ಯಾಮಯೋರ್ ಮರಳುಗಲ್ಲಿನಿಂದ. ಗಣಿಯಿಂದ ತೆಗೆದಾಗ ಅದು ಮೆತ್ತಗಿದ್ದು, ಒಣಗಿದಂತೆ ಗಟ್ಟಿಯಾಗುತ್ತದೆ; ಅದರಲ್ಲಿರುವ ಕಬ್ಬಿಣದ ಅಂಶವು ಗಾಳಿ ತಗುಲಿ ತುಕ್ಕುಗಟ್ಟಿ ಹೊಂಬಣ್ಣ ಕೊಡುತ್ತದೆ.

ಉಳಿದವು

ಹಳೆಯ ಕ್ಯಾಥೆಡ್ರಲ್ 12ನೇ ಶತಮಾನದಲ್ಲಿ ಆರಂಭವಾದ ರೊಮಾನೆಸ್ಕ್ ಕಟ್ಟಡ. ಹೊಸದನ್ನು ಅದಕ್ಕೆ ಅಂಟಿಸಿಯೇ ಕಟ್ಟಿದ್ದರಿಂದ ಅದರ ಉತ್ತರ ಭಾಗದ ಸ್ವಲ್ಪಾಂಶ ನಾಶವಾಯಿತು. ಮೀನಿನ ಹುರುಪೆಯಂಥ ಕಲ್ಲುಹೊದಿಕೆಯ ಅದರ ಗೋಪುರವನ್ನು ಹುಂಜದ ಗೋಪುರವೆನ್ನುತ್ತಾರೆ. ಚಿಪ್ಪುಗಳ ಮನೆ ಎಂಬ ಹಳೆಯ ಮಹಲಿನ ಗೋಡೆಯಲ್ಲಿ ಮುನ್ನೂರಕ್ಕೂ ಹೆಚ್ಚು ಕಲ್ಲಿನ ಚಿಪ್ಪುಗಳಿವೆ. ಮುಖ್ಯ ಚೌಕವಾದ ಪ್ಲಾಜಾ ಮಯೋರ್ 1729ರಿಂದ 1755ರವರೆಗೆ ನಿರ್ಮಾಣವಾದ ಬರೋಕ್ ಕೃತಿ. ಅದನ್ನು ಆರಂಭಿಸಿದವನು ವಾಸ್ತುಶಿಲ್ಪಿ ಆಲ್ಬರ್ತೊ ಚುರ್ರಿಗೇರಾ.

ಎರಡು ಪ್ರಶ್ನೆಗಳ ವಿಧಾನವನ್ನು ಪರೀಕ್ಷಿಸಲು ಡೊಮಿನಿಕನ್ ಸನ್ಯಾಸಿಗಳ ಸಾನ್ ಎಸ್ತೆಬಾನ್ ಚರ್ಚು ಸೂಕ್ತವಾಗಿದೆ. 1524ರಲ್ಲಿ ಆರಂಭವಾದ ಅದರ ಒಡಲು ಗೋಥಿಕ್. ಹೊರಗೆ ದೊಡ್ಡ ಕಮಾನಿನಡಿ ಇರುವ ಮುಖಭಾಗ ಪ್ಲಾಟೆರೆಸ್ಕ್. ಒಳಗೆ ಆಲ್ಬರ್ತೊವಿನ ಅಣ್ಣ ಹೊಸೆ ಬೆನಿತೊ 1690ರ ದಶಕದಲ್ಲಿ ರಚಿಸಿದ, ಚಿನ್ನದ ಲೇಪವುಳ್ಳ ತಿರುಚು ಕಂಬಗಳ ಮರದ ಬಲಿಪೀಠ ಬರೋಕ್. ಮೊದಲ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರ, ಎರಡನೆಯದಕ್ಕೆ ಎರಡು.